ಜರ್ಮನಿಗೆ ಹೊರಟವರಿಗೆ ಜರ್ಮನ್ ಬೇಡವೇ?

“ಜರ್ಮನಿಯಲ್ಲಿ ಓದು ಬಿಟ್ಟಿ, ಇಂಗ್ಲಿಷ್ ಬಂದರೆ ಸಾಕು” ಎನ್ನುವ ಮಧ್ಯವರ್ತಿಗಳ ಮಾತು ಅರ್ಧಸತ್ಯ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಬೋಧನಾ ಶುಲ್ಕ ಪಡೆಯುವುದಿಲ್ಲ, ನಿಜ. ಆದರೆ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿ ತೋರಿಸಬೇಕು. ಆ ಮೊತ್ತ 2024ರಲ್ಲಿ 11,904 ಯೂರೋಗಳಿಗೆ ಏರಿತು. ಸಾಲ ಮಾಡಿಯಾದರೂ ಇಷ್ಟು ಹಣ ಹೊಂದಿಸುವ ಪಾಲಕರು ಭಾಷಾಭ್ಯಾಸಕ್ಕೆ ಆರು ತಿಂಗಳು ಮೀಸಲಿಡಬಾರದೇ? ಪಾಠ ಇಂಗ್ಲಿಷಿನಲ್ಲಿ ನಡೆದೀತು. ಬಾಡಿಗೆಯ ಕರಾರು, ಕಚೇರಿಯ ಪತ್ರಗಳು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲೇ ಇರುತ್ತವೆ. ಆ ನಾಡಿನಿಂದ 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಅವರ ನಾಡಿಗೆ ಹೊರಟ ನಮ್ಮ ಮಕ್ಕಳು ದಾರಿ ಕೇಳುವಷ್ಟು ಜರ್ಮನ್ ಕೂಡ ಕಲಿಯದೆ ವಿಮಾನವೇರುವುದು ನಾಚಿಕೆಗೇಡು. ಪಾಲಕರೇ, ಪೆಟ್ಟಿಗೆಗೆ ಚಟ್ನಿಪುಡಿ ತುಂಬುವ ಮೊದಲು ಮಕ್ಕಳ ನಾಲಗೆಗೆ ಆ ನುಡಿಯನ್ನು ಕಲಿಸಿರಿ.