ತರಗತಿಯೇ ಕಲಿಸುವ ಬೋಧನೆ

ಅಧ್ಯಾಪಕ ವೃತ್ತಿಯನ್ನು ಬಯಸುವವರು ಬಿ.ಎಡ್. ಕಾಲೇಜಿನ ಮೆಟ್ಟಿಲೇರುವ ಮುನ್ನವೇ ಬೋಧನೆಯೆಂದರೇನೆಂದು ನಿರ್ಧರಿಸಿಬಿಟ್ಟಿರುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿಯವರು 1975ರ ‘ಸ್ಕೂಲ್‌ಟೀಚರ್’ ಗ್ರಂಥದಲ್ಲಿ ಇದನ್ನು ನೋಡಿ ನೋಡಿಯೇ ನಡೆಯುವ ಉಮೇದುವಾರಿಯೆಂದು ಬಗೆದರು. ಶಾಲೆ ಮುಗಿಸುವಷ್ಟರಲ್ಲಿ ಅಮೆರಿಕದ ವಿದ್ಯಾರ್ಥಿ ಅಧ್ಯಾಪಕರೆದುರು ಕಳೆಯುವ ಅವಧಿ ಸುಮಾರು 13,000 ಗಂಟೆಗಳೆಂಬುದು ಅವರ ಲೆಕ್ಕ. ಆದರೆ ಬೆಂಚಿನಲ್ಲಿ ಕುಳಿತವನಿಗೆ ಹಿಂದಿನ ರಾತ್ರಿಯ ಸಿದ್ಧತೆ ಕಾಣದು. ಆ ಪ್ರಶ್ನೆಯನ್ನು ಆ ಹುಡುಗನಿಗೇ ಏಕೆ ಕೇಳಿದರೆಂಬುದೂ ತಿಳಿಯದು. ಕಾಣುವುದು ಮಾತು, ಕರಿಹಲಗೆ, ಕೆಲವೊಮ್ಮೆ ಬೆತ್ತ. ವಿಷಯ ಬಲ್ಲವನು ಹೇಳಬಲ್ಲ, ಹೇಳಿದರೆ ಬೋಧಿಸಿದಂತೆ ಎಂಬ ನಂಬಿಕೆ ಅಲ್ಲಿಯೇ ಬೇರೂರುತ್ತದೆ.

ಅಂಥವರಿಗೆ ಬೋಧನಾ ಕೌಶಲಗಳೆಂದರೆ ಅಂಕಗಳಿಗಾಗಿ ಆಡುವ ನಾಟಕ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯಲ್ಲಿ ಕೆಲವೇ ನಿಮಿಷಗಳ ಪಾಠ, ಒಂದೊಂದೇ ಕೌಶಲದ ಅಭ್ಯಾಸ. ವಿಧಾನವೇನೋ ಸಾಧುವಾದುದು. ಆದರೆ ನಮ್ಮಲ್ಲಿ ಸಹಪಾಠಿಗಳೇ ಮಕ್ಕಳಂತೆ ನಟಿಸುವುದು ರೂಢಿ. ಅವರು ತಪ್ಪು ಉತ್ತರ ಕೊಡುವುದಿಲ್ಲ. ಕೊಟ್ಟರೂ ಮೊದಲೇ ಮಾತನಾಡಿಕೊಂಡ ತಪ್ಪನ್ನೇ ಕೊಡುತ್ತಾರೆ! ನಿಜವಾದ ತರಗತಿಯಲ್ಲಾದರೋ ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಲು ಹೇಳಿದರೆ ಮಗು ಐದನೆಯ ಎರಡು ಭಾಗವೆನ್ನುತ್ತದೆ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿದೆ. ಅದರ ಪಾಲಿಗೆ ಅದೇ ನ್ಯಾಯ. ತಪ್ಪೆಂದು ಗದರುವುದೋ, ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ ಎಂದು ಕೇಳುವುದೋ? ಪ್ರಶ್ನೆ ಕೇಳುವುದೂ ಒಂದು ಕೌಶಲವೆಂಬುದು ಆ ಗಳಿಗೆಯಲ್ಲಿ ಮನವರಿಕೆಯಾಗುವಂತೆ ಯಾವ ಉಪನ್ಯಾಸದಿಂದಲೂ ಆಗದು.

ಹಾಗೆಂದು ಅನುಭವ ತಾನಾಗಿಯೇ ವಿವೇಕವಾಗುವುದಿಲ್ಲ. ಬಾಲ್ಯದಲ್ಲಿ ಪೆಟ್ಟು ತಿಂದು ಗ್ರೀಕ್ ಭಾಷೆಯನ್ನೇ ದ್ವೇಷಿಸಿದ ಸಂತ ಅಗಸ್ಟೀನರು ಮುಂದೆ ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ಅಧ್ಯಾಪಕರಾದರು. ಹೊಸಬರಿಗೆ ಬೋಧಿಸುವ ಬಗೆಯನ್ನು ಕುರಿತ ಕೃತಿಯಲ್ಲಿ, ನಿಂತು ದಣಿದ ಕೇಳುಗನಿಗೆ ಆಸನ ಕೊಡಬೇಕೆಂದೂ ಬರೆದರು. ಅದೇ ಪೆಟ್ಟು ಮತ್ತೊಬ್ಬರ ಕೈಗೆ ಬೆತ್ತವನ್ನೇ ಕೊಡಬಹುದಿತ್ತು. ಅನುಭವವನ್ನು ಪರಾಮರ್ಶಿಸುವವರು ಜೊತೆಗಿರಬೇಕು.

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಗಳಲ್ಲಿ 20 ವಾರಗಳ ಅನುಭವವನ್ನು ವಿಧಿಸಿತು. ಈ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗಳನ್ನು ಖಾಲಿ ಹುದ್ದೆ ತುಂಬಲು ಬಳಸಿದರೆ ಹಳೆಯ ನಂಬಿಕೆಯೇ ಗಟ್ಟಿಯಾದೀತು. ಶಾಲೆಯ ಅನುಭವಿ ಅಧ್ಯಾಪಕರೊಬ್ಬರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಟ್ಟು, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿ, ಅಂದೇ ಸಂಜೆ ಆ ತರುಣ ತರುಣಿಯರೊಡನೆ ಮಾತನಾಡುವ ಏರ್ಪಾಡು ಮಾಡಬೇಕೆಂಬುದು ಶಾಲಾ ಆಡಳಿತ ಮಂಡಳಿಗಳಲ್ಲಿ ನಮ್ಮ ಕೋರಿಕೆ.