ತಪ್ಪು ಮಾಡಿದವರೇ ತೀರ್ಪುಗಾರರೇ?

ಕಂದಾಯದ ಲೆಕ್ಕದಲ್ಲಿ ತಪ್ಪು ಬೀಳುವುದು ಆಶ್ಚರ್ಯವಲ್ಲ, ಬರೆಯುವವರು ಮನುಷ್ಯರು. ಆದರೆ ಬಿದ್ದ ತಪ್ಪನ್ನು ವಿಚಾರಿಸತಕ್ಕವರಾರು? ನಮ್ಮ ತಕರಾರು ಇಲ್ಲಿಯೇ ಇದೆ.

ಮುಂಬಯಿ ಇಲಾಖೆಗೆಂದು 1876ರಲ್ಲಿ ಮಾಡಿದ ಕಾಯಿದೆಯು ಸಾರಾ ಆಕಾರಣೆಯ ವಿಷಯದಲ್ಲಿ ದಿವಾಣಿ ಕೋರ್ಟಿನ ಬಾಗಿಲನ್ನು ರೈತನಿಗೆ ಮುಚ್ಚಿತು. ರಟ್ಟೀಹಳ್ಳಿಯ ಒಕ್ಕಲಿಗನು ಮಾಮಲೇದಾರರಿಂದ ಧಾರವಾಡದ ಕಲೆಕ್ಟರರಿಗೆ, ಅಲ್ಲಿಂದ ಬೆಳಗಾವಿಯ ಕಮಿಶನರರಿಗೆ, ಕೊನೆಗೆ ಮುಂಬಯಿಗೆ ಮೊರೆಯಿಡಬೇಕಾಯಿತು. ಮೆಟ್ಟಿಲು ನಾಲ್ಕು, ಮನೆ ಒಂದೇ!

ಇದರ ಫಲವನ್ನು ಬಾರ್ಡೋಲಿಯು ತೋರಿಸಿತು. ಅಲ್ಲಿ ಇಲಾಖೆಯು ಸಾರಾವನ್ನು ನೂರಕ್ಕೆ 22ರಂತೆ ಏರಿಸಿ, ಅದೇ ನ್ಯಾಯವೆಂದು ಹಟ ಹಿಡಿಯಿತು. 1928ರ ಸತ್ಯಾಗ್ರಹದ ತರುವಾಯ ಬ್ರೂಮಫೀಲ್ಡ್ ಎಂಬ ನ್ಯಾಯಾಧಿಕಾರಿಯೂ ಮ್ಯಾಕ್ಸವೆಲ್ ಎಂಬ ಕಂದಾಯಾಧಿಕಾರಿಯೂ ಕೂಡಿ ವಿಚಾರಿಸಲಾಗಿ, ಏರಿಸತಕ್ಕದ್ದು ನೂರಕ್ಕೆ ಸುಮಾರು 6 ಮಾತ್ರವೆಂದು ಹೊರಬಿದ್ದಿತು. ಹೊರಗಿನ ಕಣ್ಣು ಬೀಳುವವರೆಗೆ ಒಳಗಿನ ತಪ್ಪು ಕಾಣಲಿಲ್ಲ.

ನಮ್ಮಲ್ಲಿಯೂ 1930–32ರ ಚಳವಳಿಯಲ್ಲಿ ಹಿರೇಕೆರೂರು, ಅಂಕೋಲೆ, ಸಿದ್ದಾಪುರಗಳ ರೈತರು ಕರ ನಿರಾಕರಿಸಿ ನಿಂತರು. ಉತ್ತರ ಕನ್ನಡದಲ್ಲಿ ಜಪ್ತಿಯಾದ ಭೂಮಿಗಳು ಮರಳಿದ್ದು 1937ರಲ್ಲಿ ಖೇರರ ಮಂತ್ರಿಮಂಡಲವು ಬಂದ ಮೇಲೆಯೇ. ಸರಕಾರ ಜನರದಾದರೆ ಅನ್ಯಾಯ ತಿದ್ದೀತೆಂಬ ಈ ನಂಬಿಕೆಯಿಂದಲೇ ಕನ್ನಡಿಗರು ಏಕೀಕರಣವನ್ನು ಬೇಡಿದರು.

1956ರ ನವೆಂಬರ 1ರಂದು ನಾಡು ಒಂದಾಯಿತು. ರಟ್ಟೀಹಳ್ಳಿಯು ಈಗ ತಾನೇ ತಾಲೂಕಾಗಿದೆ. ಆದರೆ 1964ರ ಭೂಕಂದಾಯ ಕಾಯಿದೆಯ 61ನೆಯ ಕಲಮನ್ನು ಓದಿ ನೋಡಿರಿ: ಆಕಾರಣೆಯ ತಕರಾರುಗಳಲ್ಲಿ ಕಂದಾಯ ನ್ಯಾಯಾಲಯಗಳಿಗೇ ಅಧಿಕಾರ, ದಿವಾಣಿ ಕೋರ್ಟಿಗೆ ಪ್ರತಿಬಂಧ! ಇಂದು ಸಾರಾ ಅಲ್ಪವೆನ್ನುವಿರಾ? ಉತಾರದಲ್ಲಿ ಒಂದು ಹೆಸರು, ಒಂದು ಗುಂಟೆ ತಪ್ಪಿದರೂ ರೈತನಿಗೆ ಬ್ಯಾಂಕಿನ ಸಾಲಕ್ಕೂ ಬೆಳೆಯ ಪರಿಹಾರಕ್ಕೂ ಅಡ್ಡಿ. ಆಗ ತಹಶೀಲ್ದಾರರು, ಉಪವಿಭಾಗಾಧಿಕಾರಿಗಳು, ಹಾವೇರಿಯ ಜಿಲ್ಲಾಧಿಕಾರಿಗಳು: ಮತ್ತೆ ಅದೇ ಮನೆಯ ಮೆಟ್ಟಿಲು.

ಹೈಕೋರ್ಟು ಇದೆಯಲ್ಲ ಎಂದು ಕೆಲವರು ಹೇಳುವರು. ಒಂದಂಕೆಯ ತಪ್ಪಿಗಾಗಿ ಧಾರವಾಡ ಪೀಠಕ್ಕೆ ಹೋಗುವ ಖರ್ಚನ್ನು ಕೊಡುವವರಾರು?

ನಾವು ಕೇಳುವುದು ಮೂರು. ಕಚೇರಿಯ ತಪ್ಪನ್ನು ಕಚೇರಿಯೇ ತನ್ನ ಖರ್ಚಿನಿಂದ ತಿದ್ದತಕ್ಕದ್ದು. ತಿದ್ದಲೊಲ್ಲದಿದ್ದರೆ ಗೊತ್ತಾದ ಅವಧಿಯೊಳಗೆ, ರೈತನಿಗೆ ತಿಳಿಯುವ ಕನ್ನಡದಲ್ಲಿ ಕಾರಣ ಬರೆದುಕೊಡತಕ್ಕದ್ದು. ಆ ಕಾರಣವನ್ನು ಇಲಾಖೆಗೆ ಸೇರದ ನ್ಯಾಯಾಧಿಕಾರಿಯೊಬ್ಬರು ತಾಲೂಕಿನಲ್ಲಿಯೇ ಕುಳಿತು ವಿಚಾರಿಸತಕ್ಕದ್ದು.

ಶಾಲಾ ಮಾಸ್ತರರೇ, ಪೇಟೆಯ ಮಹನೀಯರೇ, ನೆರೆಯ ರೈತನ ಉತಾರವನ್ನು ಅವನೊಡನೆ ಕುಳಿತು ಓದಿರಿ. ತಪ್ಪು ಕಂಡಲ್ಲಿ ಅರ್ಜಿ ಬರೆದುಕೊಟ್ಟು, ಅದು ಮುಟ್ಟಿದ್ದಕ್ಕೆ ರಸೀದಿ ಪಡೆಯಿರಿ. ನಾಡು ಒಂದಾದ ಫಲವು ಆ ಉತಾರದಲ್ಲಿ ಕಾಣಲಿ.