ಬೇಡುವವರು ನಡೆದೇ ಹೋಗಬೇಕು

"ರೊಕ್ಕ ಕೂಡಿಸ್ಲಿಕ್ಕ ಊರೂರು ನಡ್ಕೋತ ಯಾಕ ತಿರಗಬೇಕ್ರಿ? ಮೊಬೈಲಿನ್ಯಾಗ ಒಂದ್ ಕ್ಯೂಆರ್ ಕೋಡ್ ಹಾಕ್ರಿ, ಮನ್ಯಾಗ ಆರಾಮ ಕುಂಡ್ರಿ. ಕೊಡೋರು ಕೊಡ್ತಾರ."

ಭಾಲ್ಕಿಯ ಒಬ್ಬ ಹಿರಿಯರು, ಓದಿಕೊಂಡವರು, ನನಗೂ ನನ್ನ ಗೆಳೆಯನಿಗೂ ಹೇಳಿದ ಮಾತಿದು. ನಾವಿಬ್ಬರು ಭಾಲ್ಕಿಯಿಂದ ಹೊರಟು ಕಮಲನಗರ, ಔರಾದ, ಸಂತಪೂರದ ಮೇಲೆ ಹಾಯ್ದು ಬೀದರದವರೆಗೆ ಕೆಲವು ದಿನ ನಡೆದು ಬಂದಿದ್ದೆವು. ನಮ್ಮ ಭಾಗದ ಹಳ್ಳಿ, ತಾಂಡಾಗಳಿಂದ ಜನ ಕೂಲಿಗಾಗಿ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುತ್ತಾರೆ. ಜತೆಗೆ ಮಕ್ಕಳೂ ಹೋಗುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ತರಗತಿಯಲ್ಲಿ ಮಗು ಇರುವುದಿಲ್ಲ. ಅಂಥ ಕೆಲವು ಮಕ್ಕಳನ್ನಾದರೂ ಅಜ್ಜಿಯ ಮನೆಯಲ್ಲೋ ವಸತಿ ನಿಲಯದಲ್ಲೋ ಉಳಿಸಿ ಓದಿಸಲು ಹಣ ಬೇಕಿತ್ತು, ಅದಕ್ಕಾಗಿ ನಡೆದೆವು. ಹಿರಿಯರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ, ನಮ್ಮ ಕಾಲಿನ ಬಗ್ಗೆ ಕಾಳಜಿಯೇ ಇತ್ತು. ಆದರೆ ಆ ಮಾತಿನ ಹಿಂದಿನ ತಿಳಿವಳಿಕೆ ಈಗ ಎಲ್ಲೆಡೆ ಹಬ್ಬಿದೆ. ದಾನವೆಂದರೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ಹೋಗುವುದು, ಅದೂ ಆದಷ್ಟು ಬೇಗ, ಆದಷ್ಟು ಕಡಿಮೆ ಶ್ರಮದಲ್ಲಿ. ಇದು ತೀರಾ ತೆಳುವಾದ ತಿಳಿವಳಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಬ್ಬರಿಗಾಗಿ ಬೇಡುವವರು ಕೊಡುವವರ ಬಾಗಿಲಿಗೆ ನಡೆದೇ ಹೋಗಬೇಕು.

ಇವತ್ತು ರಾತ್ರಿಯೇ ಶಸ್ತ್ರಚಿಕಿತ್ಸೆ ಆಗಬೇಕಾದವರಿಗೆ ಫೋನೇ ದೇವರು, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅಂಥ ಹೊತ್ತಿನಲ್ಲಿ ನಡೆಯುತ್ತ ಕೂತರೆ ಜೀವ ಉಳಿಯದು. ಆದರೆ ಫೋನಿನಲ್ಲಿ ಬರುವ ಮನವಿಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮನ ಕಲಕುವ ಫೋಟೋ, ಬರೆಯಲು ಬಲ್ಲ ಒಬ್ಬ ನಂಟ, ಪಟ್ಟಣದಲ್ಲೋ ಪರದೇಶದಲ್ಲೋ ನಾಲ್ಕಾರು ಪರಿಚಯದವರು ಇದ್ದವರ ಕಷ್ಟ ಬೇಗ ಹಬ್ಬುತ್ತದೆ. ಇಟ್ಟಂಗಿ ಭಟ್ಟಿಯಲ್ಲಿರುವ ಹುಡುಗನ ಫೋಟೋ ತೆಗೆಯುವವರು ಯಾರು? ಅವನ ಕಷ್ಟ ಫೋಟೋಕ್ಕೆ ಸಿಗುವಂಥದ್ದೂ ಅಲ್ಲ. ಅವನು ಹಸಿದು ಬಿದ್ದಿಲ್ಲ, ಶಾಲೆ ಬಿಟ್ಟಿದ್ದಾನೆ ಅಷ್ಟೇ.

ಕಮಲನಗರದ ಹಾದಿಯ ಒಂದು ಊರಿನಲ್ಲಿ ಹಣಮಂದೇವರ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ಹೋದ ಸಾರಿ ಒಬ್ರು ಹಿಂಗೇ ಬಂದಿದ್ರು, ರೊಕ್ಕ ಒಯ್ದ್ರು. ಏನ್ ಮಾಡಿದ್ರಂತ ತಿರುಗಿ ಬಂದು ಹೇಳ್ಲೇ ಇಲ್ಲ. ನಿಮ್ಮನ್ನ ಹ್ಯಾಂಗ ನಂಬಬೇಕು?" ಹಣ ಯಾರ ಕೈಯಲ್ಲಿರುತ್ತದೆ, ಯಾವ ಮಗುವಿಗೆ ಎಷ್ಟು, ಆ ಮಗು ನಡುವೆಯೇ ಓಡಿಹೋದರೆ ಉಳಿದ ಹಣ ಏನಾಗುತ್ತದೆ ಎಂದು ಒಂದೊಂದಾಗಿ ಕೆದಕಿದರು. ಕೊನೆಯ ಪ್ರಶ್ನೆಯನ್ನು ನಾವು ಯೋಚಿಸಿಯೇ ಇರಲಿಲ್ಲ. ಅಲ್ಲೇ ಕೂತು ಒಂದು ನಿಯಮ ಮಾಡಿಕೊಂಡೆವು, ಆಮೇಲೆ ಅವರು ಹತ್ತು ರೂಪಾಯಿ ಕೊಟ್ಟರು. ಸಾವಿರ ರೂಪಾಯಿ ಕೊಟ್ಟು ಏನನ್ನೂ ಕೇಳದ ದಾನಿಗಿಂತ ಆ ಹತ್ತು ರೂಪಾಯಿಯ ದಾನಿ ನಮ್ಮ ಕೆಲಸವನ್ನು ಹೆಚ್ಚು ನೇರ್ಪಡಿಸಿದರು. ಮುಂದಿನ ಊರೊಂದರಲ್ಲಿ ಹೆಣ್ಣುಮಗಳೊಬ್ಬಳು ಒಂದು ಸೇರು ತೊಗರಿಬೇಳೆ ತಂದು ನಮ್ಮ ಚೀಲಕ್ಕೆ ಹಾಕಿದಳು. ಹಾಕುತ್ತಲೇ, ತನ್ನ ಮೊಮ್ಮಗನೂ ಪುಣೆಯಲ್ಲಿ ಇಟ್ಟಂಗಿ ಹೊರುತ್ತಿದ್ದಾನೆ ಎಂದಳು. ನಾವು ಕೇಳಲು ಹೋದ ಮನೆಯೇ ಹಣ ಸೇರಬೇಕಾದ ಮನೆಯಾಗಿತ್ತು. ಆ ಹುಡುಗನ ಹೆಸರು ನಮಗೆ ಯಾವ ಕಚೇರಿಯ ಪಟ್ಟಿಯಿಂದಲೂ ಸಿಕ್ಕಿರಲಿಲ್ಲ. ಬಾಗಿಲಲ್ಲಿ ನಿಂತದ್ದಕ್ಕೆ ಸಿಕ್ಕಿತು.

ಭಾಲ್ಕಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ನೋವಿನ ಸಂಗತಿ. ನಮ್ಮ ಊರು ಓದು ಕಲಿತದ್ದು ಜೋಳಿಗೆಯಿಂದ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದವರು. ಅವರ ಕೆಲಸದ ಮೊದಲ ಹಲವು ದಶಕ ನಿಜಾಮರ ಆಳ್ವಿಕೆಯ ಕಾಲ. ಆಡಳಿತಕ್ಕೂ ಶಾಲೆಗೂ ಉರ್ದು, ಕನ್ನಡಕ್ಕೆ ಜಾಗವಿಲ್ಲ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕಥೆಯನ್ನು ಬೀದರ ಜಿಲ್ಲೆಯ ಮಕ್ಕಳೂ ಬಲ್ಲರು. ಆ ಕಥೆಯ ಇನ್ನರ್ಧವನ್ನು ನಾವು ಮರೆಯುತ್ತಿದ್ದೇವೆ. ಒಳಗೆ ಕೂತು ಕಲಿಯುವ ಮಕ್ಕಳು ಉಣ್ಣಬೇಕಲ್ಲ? ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಸರಕಾರ ಕನ್ನಡಕ್ಕೆ ಕೊಡುವ ಕಾಲವಲ್ಲ ಅದು, ಕೊಡಬಲ್ಲ ಸಿರಿವಂತರಿಗೂ ಅಂಜಿಕೆಯಿದ್ದ ಕಾಲ. ಹಾಗಾಗಿ ಅದು ಅನಿವಾರ್ಯವಾಗಿತ್ತು ಎನ್ನಬಹುದು. ಆದರೆ ಅನಿವಾರ್ಯತೆಯೊಂದೇ ಕಾರಣವಾಗಿದ್ದರೆ 1948ರ ನಂತರ, ಕೊನೆಗೆ 1956ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿದ ನಂತರ, ಆ ಜೋಳಿಗೆಯ ಹೆಸರು ಅಳಿಯಬೇಕಿತ್ತು. ಇಂದಿಗೂ ಜನ ಅವರನ್ನು ನೆನೆಯುವುದು ಜೋಳಿಗೆಯ ಜತೆಗೇ. ನನಗೆ ತೋಚುವ ಕಾರಣ ಇಷ್ಟು: ಬಾಗಿಲಿಗೆ ಬಂದ ಜೋಳಿಗೆ ಒಂದು ಬೊಗಸೆ ಜೋಳವನ್ನು ಕೇಳುತ್ತ ಆ ಮನೆಯ ಹುಡುಗನನ್ನೂ ಕೇಳಿತು. ಕನ್ನಡ ಶಾಲೆಗೆ ಮಗನನ್ನು ಕಳಿಸಿದರೆ ಏನಾದೀತೋ ಎಂದು ಹೆದರಿದ್ದ ತಂದೆ, ತಾನು ಜೋಳ ಕೊಟ್ಟ ಶಾಲೆಗೆ ಮಗನನ್ನು ಕಳಿಸಿದ. ಶಾಲೆ ಮಠದ್ದಾಗಿ ಉಳಿಯದೆ ಊರಿನದಾಯಿತು. ಯಾರೋ ಒಬ್ಬ ಧನಿಕ ಒಂದೇ ದಿನ ಒಂದು ಗಂಟು ಕೊಟ್ಟುಬಿಟ್ಟಿದ್ದರೆ ಕಟ್ಟಡ ಬೇಗ ಏಳುತ್ತಿತ್ತು, ಒಳಗೆ ಮಕ್ಕಳು ಇರುತ್ತಿದ್ದರೋ ಇಲ್ಲವೋ.

ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಶುರುಮಾಡಿದ ಮಹಾಂತ ಜೋಳಿಗೆಯನ್ನು ನೆನೆಯಿರಿ. ಅವರು ಮನೆಮನೆಗೆ, ಕೇರಿಕೇರಿಗೆ ಹೋಗಿ ಬೇಡಿದ್ದು ಜನರ ಕುಡಿತವನ್ನು, ತಂಬಾಕನ್ನು. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಎದುರಿಗೆ ಬಂದು ನಿಂತವರಿಗೆ ಮನುಷ್ಯ ತನ್ನ ಚಟವನ್ನೇ ಬಿಟ್ಟುಕೊಡಬಲ್ಲ ಎಂದಮೇಲೆ, ಎದುರಿಗೆ ನಿಲ್ಲುವುದನ್ನು ಹಳೆಯ ಕಾಲದ ಕಷ್ಟವೆಂದು ತಳ್ಳಿಹಾಕುವುದು ಹೇಗೆ? ಗಾಂಧೀಜಿ 1933ರ ನವೆಂಬರಿನಲ್ಲಿ ಹರಿಜನ ನಿಧಿಗಾಗಿ ದೇಶ ಸುತ್ತಲು ಹೊರಟಾಗ ರೈಲು, ಮೋಟಾರುಗಳಲ್ಲೇ ತಿರುಗಿದರು. 1934ರ ಮೇ ತಿಂಗಳಲ್ಲಿ ಒರಿಸ್ಸಾದಲ್ಲಿ ವಾಹನ ಬಿಟ್ಟು ನಡೆಯತೊಡಗಿದರು. ಹೆಚ್ಚು ಊರು, ಹೆಚ್ಚು ಹಣ ಅವರಿಗೆ ಮುಖ್ಯವಾಗಿದ್ದರೆ ಮೋಟಾರನ್ನು ಬಿಡುವ ಕಾರಣವೇ ಇರಲಿಲ್ಲ.

ಇನ್ನು ನನ್ನ ವಾದದ ಸುತ್ತ ಕೇಳಿಬರುವ ಮಾತುಗಳು. ನಡೆದರೆ ಆರೋಗ್ಯಕ್ಕೆ ಒಳ್ಳೆಯದು, ಹಾಗಾಗಿ ನಡೆಯಿರಿ ಎನ್ನುವವರ ಬೆಂಬಲ ನನಗೆ ಬೇಡ. ಹಿಂದೆ ಮುಂದೆ ಕಾರುಗಳ ಸಾಲು ಇಟ್ಟುಕೊಂಡು ನಡೆಯುವ ರಾಜಕೀಯ ಪಾದಯಾತ್ರೆಗೂ ಈ ಚರ್ಚೆಗೂ ಸಂಬಂಧವಿಲ್ಲ.

ನಾನು ಗೌರವಿಸುವ ಆಕ್ಷೇಪ ಬೇರೆ ಇದೆ. ನಡಿಗೆಯಿಂದ ಏನೂ ಹುಟ್ಟುವುದಿಲ್ಲ, ಅದೇ ಶ್ರಮವನ್ನು ದುಡಿಮೆಗೆ ಹಾಕಿದರೆ ನೇರವಾಗಿ ಹಣ ಬರುತ್ತದೆ ಎಂಬುದು. 2024–25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಇಬ್ಬರು ಐದು ದಿನ ಕೆರೆಯ ಹೂಳು ತೆಗೆದರೆ 3,490 ರೂಪಾಯಿ, ಕೆರೆಯೂ ಆಳವಾಗುತ್ತದೆ. ಲೆಕ್ಕ ಸರಿಯಾಗಿದೆ. ಒಬ್ಬಿಬ್ಬರ ಕೈಲಾದಷ್ಟೇ ಸಾಕಾಗುವ ಕೆಲಸಕ್ಕೆ ಹಾಗೆಯೇ ಮಾಡಬೇಕು. ಆದರೆ ಗುಳೆ ಹೋಗುವ ಮಕ್ಕಳ ಪ್ರಶ್ನೆ ಇಬ್ಬರ ಕೂಲಿಯಿಂದ ತೀರುವುದಿಲ್ಲ, ಒಬ್ಬ ಸಿರಿವಂತನ ಚೆಕ್ಕಿನಿಂದಲೂ ತೀರುವುದಿಲ್ಲ. ಆ ಮಗು ಊರಿನಲ್ಲಿ ಉಳಿದ ತಿಂಗಳುಗಳಲ್ಲಿ ಅದು ಶಾಲೆಗೆ ಹೋಯಿತೇ, ಉಂಡಿತೇ ಎಂದು ನೆರೆಮನೆಯವರು ನೋಡಬೇಕು. ಆ ನೆರೆಮನೆಯವರನ್ನು ಹುಡುಕಿಕೊಂಡು ಹೋಗುವ ಕೆಲಸಕ್ಕೆ ಕೂಲಿಯ ಲೆಕ್ಕ ಹೊಂದುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಿಗಿಯಾದದ್ದು. ಈ ವಿಷಯದಲ್ಲಿ, ಭೂಮಿಯಿಲ್ಲದವರಿಗಾಗಿ ಭೂಮಿ ಬೇಡುತ್ತ ನಡೆದ ವಿನೋಬಾ ಭಾವೆಯವರಿಗಿಂತ ದೊಡ್ಡ ಸಾಕ್ಷಿ ಯಾರು? ಬೀದರ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಅದೇ ರಾಜ್ಯದ ತೆಲಂಗಾಣ ಭಾಗದ ಪೋಚಂಪಳ್ಳಿಯಲ್ಲಿ 1951ರ ಏಪ್ರಿಲ್ 18ರಂದು ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು 100 ಎಕರೆ ಕೊಡುತ್ತೇನೆಂದು ಎದ್ದು ನಿಂತರು. ಅಲ್ಲಿಂದ ವರ್ಷಗಟ್ಟಲೆ ನಡೆದ ವಿನೋಬಾ 40 ಲಕ್ಷ ಎಕರೆಗೂ ಹೆಚ್ಚು ಭೂಮಿಯ ವಾಗ್ದಾನ ಪಡೆದರು. ಅದರಲ್ಲಿ ದೊಡ್ಡ ಪಾಲು ಬಡವರ ಕೈ ಸೇರಲೇ ಇಲ್ಲ. ಕೆಲವು ಬಂಜರು, ಕೆಲವು ವ್ಯಾಜ್ಯದ ಭೂಮಿ, ಕೆಲವು ಕಾಗದದಲ್ಲೇ ಉಳಿದವು. ನಡೆದು ಬೇಡಿದ್ದರಿಂದ ಕೊಡುವವರ ಮನಸ್ಸು ಕರಗಿತು, ನಿಜ. ಕರಗಿದ ಮನಸ್ಸು ಮರುದಿನಕ್ಕೆ ಗಟ್ಟಿಯಾಯಿತು ಎನ್ನುತ್ತಾರೆ ಟೀಕಾಕಾರರು. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಇದರಿಂದ ನಾನು ಕಲಿಯುವ ಪಾಠವೇ ಬೇರೆ. ವಿನೋಬಾ ಮುಂದೆ ಮುಂದೆ ನಡೆದರು. ದೇಶ ದೊಡ್ಡದು, ಅವರಿಗೆ ಮುಂದಿನ ಊರು ಕಾಯುತ್ತಿತ್ತು. ಕೊಟ್ಟ ಮಾತು ಏನಾಯಿತೆಂದು ಅದೇ ಬಾಗಿಲಿಗೆ ಮರಳಿ ಹೋಗಿ ಕೇಳುವ ನಡಿಗೆ ಅಷ್ಟೇ ದೊಡ್ಡದಾಗಿ ನಡೆಯಲಿಲ್ಲ. ಕಮಲನಗರದ ಹಾದಿಯ ಮುದುಕರ ದೂರೂ ಇದೇ ತಾನೆ? ಬೇಡಲು ಬಂದವರು ಹೇಳಲು ಬರಲಿಲ್ಲ. ಅಂದಮೇಲೆ ನಡಿಗೆ ಹೆಚ್ಚಾದದ್ದು ತಪ್ಪಲ್ಲ, ಮರಳುವ ನಡಿಗೆ ಇಲ್ಲದ್ದು ತಪ್ಪು.

ನಡೆಯುವವರು ಬಡವರ ಮನೆಯ ರೊಟ್ಟಿಯನ್ನೇ ತಿಂದು ಬಡವರಿಗಾಗಿ ಬೇಡುತ್ತಾರೆ ಎಂಬ ಮಾತೂ ಇದೆ. ಆಷಾಢದಲ್ಲಿ ನಮ್ಮ ಕಡೆಯಿಂದ ಪಂಢರಪುರಕ್ಕೆ ಹೋಗುವ ದಿಂಡಿಗಳಿಗೆ, ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆಯುವವರಿಗೆ ಹಾದಿಯ ಊರುಗಳು ಕರೆದು ಉಣಿಸುತ್ತವೆ. ಅದು ಆ ಊರುಗಳ ಹಬ್ಬ. ದಾನಕ್ಕಾಗಿ ನಡೆಯುವವರು ಆ ಔದಾರ್ಯವನ್ನು ತಮ್ಮ ಹಕ್ಕೆಂದು ತಿಳಿಯಬಾರದು, ಬುತ್ತಿ ಕಟ್ಟಿಕೊಂಡು ಹೋಗಬೇಕು. ಇಲ್ಲಿ ಆಕ್ಷೇಪಿಸುವವರ ಪಕ್ಕಕ್ಕೇ ನಿಲ್ಲುತ್ತೇನೆ.

ಇಷ್ಟು ಹೇಳಿದ ಮೇಲೆ ಗೆಳೆಯನ ವಿಷಯ. ಒಬ್ಬನೇ ಹೋಗಬಾರದು ಎನ್ನುವುದಕ್ಕೆ ಲೆಕ್ಕಪತ್ರದ ಕಾರಣ ಎಲ್ಲರಿಗೂ ಹೊಳೆಯುತ್ತದೆ: ಒಬ್ಬ ಇಸಿದುಕೊಳ್ಳಬೇಕು, ಇನ್ನೊಬ್ಬ ಬರೆಯಬೇಕು. ನನ್ನ ಗೆಳೆಯ ಅಂಚೆ ಇಲಾಖೆಯಲ್ಲಿ ದುಡಿದವನು, ಐದು ರೂಪಾಯಿಗೂ ಚೀಟಿ ಹರಿದು ಕೊಡದೆ ಮುಂದಿನ ಮನೆಗೆ ಹೆಜ್ಜೆ ಇಡುತ್ತಿರಲಿಲ್ಲ. ಆದರೆ ಇನ್ನೂ ಆಳವಾದ ಕಾರಣವೊಂದಿದೆ, ಅದು ನನಗೆ ಬೀದರದ ನಾನಕ್ ಝೀರಾದಲ್ಲಿ ಸ್ಪಷ್ಟವಾಯಿತು. ದಕ್ಷಿಣದ ಯಾತ್ರೆಯಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಕುಡಿಯುವ ನೀರಿಗೆ ಕಷ್ಟಪಡುತ್ತಿದ್ದ ಜನರಿಗಾಗಿ ಬಂಡೆಯ ಬುಡದಿಂದ ಸಿಹಿನೀರು ಚಿಮ್ಮಿಸಿದರೆಂಬುದು ನಂಬಿಕೆ. ಇವತ್ತಿಗೂ ಅಲ್ಲಿ ಲಂಗರಿನಲ್ಲಿ ಯಾರು ಬಂದರೂ ಊಟವಿದೆ. ನಾನಕರ ದೂರದ ನಡಿಗೆಗಳ ಒಡನಾಡಿ ಮರ್ದಾನಾ. ಒಂದೇ ಊರಿನವರು, ಒಬ್ಬರು ಹಿಂದೂ ಮನೆಯಲ್ಲಿ ಹುಟ್ಟಿದವರು, ಇನ್ನೊಬ್ಬರು ರಬಾಬ್ ನುಡಿಸುವ ಮುಸಲ್ಮಾನ. ನಾನಕರ ಜೀವನದ ಕಥೆಗಳಲ್ಲಿ ಮತ್ತೆ ಮತ್ತೆ ಮರ್ದಾನಾಗೆ ಹಸಿವಾಗುತ್ತದೆ, ಬಾಯಾರುತ್ತದೆ. ಹಸನ್ ಅಬ್ದಾಲದ ಕಥೆಯಲ್ಲಿ ನೀರಿಗಾಗಿ ಗುಡ್ಡ ಹತ್ತಿ, ಅಲ್ಲಿದ್ದ ಫಕೀರನಿಂದ ಇಲ್ಲವೆನ್ನಿಸಿಕೊಂಡು ಇಳಿದು ಬರುವವನೂ ಅವನೇ. ಕಥೆ ಹೇಳುವವರು ಇದನ್ನು ಗುರುವಿನ ಮಹಿಮೆ ತೋರಿಸಲು ಹೇಳುತ್ತಾರೆ. ನನಗೆ ಮರ್ದಾನಾನ ಮಹಿಮೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ "ನನಗೆ ಹಸಿವಾಗಿದೆ" ಎನ್ನುವವನು ಒಬ್ಬನಿದ್ದರೆ ನಡೆಯುವವನಿಗೆ ತಾನು ಯಾರಿಗಾಗಿ ನಡೆಯುತ್ತಿದ್ದೇನೆಂಬುದು ಮರೆಯುವುದಿಲ್ಲ. ಒಬ್ಬನೇ ನಡೆಯುವವನು ಬೇಗ ತನ್ನನ್ನೇ ಮಹಾತ್ಮನೆಂದುಕೊಳ್ಳುತ್ತಾನೆ. ಜನ ಕಾಲಿಗೆ ಬೀಳುತ್ತಾರೆ, ಹಾರ ಹಾಕುತ್ತಾರೆ, ಅವನ ಬೊಬ್ಬೆಯೆದ್ದ ಪಾದವೇ ಸುದ್ದಿಯಾಗುತ್ತದೆ. ನನ್ನ ಪಾದದ ಬೊಬ್ಬೆ ನೋಡಿ ಊರವರು ಮರುಗುತ್ತಿದ್ದಾಗ ಗೆಳೆಯ "ಅವನ ಕಾಲು ಬಿಡ್ರಿ, ಹುಡುಗರ ಮಾತು ಕೇಳ್ರಿ" ಎಂದು ಮಾತು ತಿರುಗಿಸುತ್ತಿದ್ದ.

ಕೆನಡಾದ ಟೆರ್ರಿ ಫಾಕ್ಸ್ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡು, 1980ರಲ್ಲಿ ಕೃತಕ ಕಾಲಿನ ಮೇಲೆ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ತರುಣ. ಪ್ರತಿ ಕೆನಡಾವಾಸಿಯಿಂದ ಒಂದೊಂದು ಡಾಲರ್ ಕೇಳಿದ. ಅವನ ಜತೆ ವ್ಯಾನ್ ಓಡಿಸಿಕೊಂಡು ಬಂದದ್ದು ಗೆಳೆಯ ಡಗ್ ಆಲ್ವರ್ಡ್. ದಾರಿಯಲ್ಲಿ ಅವರು ಜಗಳವನ್ನೂ ಆಡಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ಟೆರ್ರಿ ನಿಲ್ಲಬೇಕಾಯಿತು. ಮರುವರ್ಷ ಫೆಬ್ರುವರಿಯ ಹೊತ್ತಿಗೆ ಆಗಿನ ಕೆನಡಾದ ಜನಸಂಖ್ಯೆಯಷ್ಟು, 2.4 ಕೋಟಿ ಡಾಲರಿಗೂ ಹೆಚ್ಚು, ಹಣ ಕೂಡಿತ್ತು. ಹಣ ತಲುಪಿಸಲು ಅವರಿಗೆ ಬ್ಯಾಂಕು, ಟೆಲಿಫೋನು ಎಲ್ಲವೂ ಇದ್ದವು. ಒಂದು ಡಾಲರ್ ಕೊಡಬೇಕೆಂದು ಜನಕ್ಕೆ ಅನ್ನಿಸಲು ಮಾತ್ರ ಆ ಹುಡುಗ ಅವರ ಊರಿನ ರಸ್ತೆಯಲ್ಲಿ ಬರಬೇಕಾಯಿತು.

ಈ ಸಲ ಸುಗ್ಗಿ ಮುಗಿದ ಮೇಲೆ ಭಾಲ್ಕಿ, ಔರಾದ, ಬೀದರ ಕಡೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕಾಗಿ ನಡೆಯಲು ಹೊರಟರೆ ಅವರಲ್ಲಿ ನನ್ನ ಬೇಡಿಕೆ ಇಷ್ಟು. ಒಬ್ಬರೇ ಹೋಗಬೇಡಿ, ನಿಮ್ಮ ಮಾತನ್ನು ತಡೆಯಬಲ್ಲ ಗೆಳೆಯನನ್ನು ಕರೆದುಕೊಳ್ಳಿ. ಕ್ಯೂಆರ್ ಕೋಡನ್ನೂ ಒಯ್ಯಿರಿ, ಚಿಲ್ಲರೆ ಇಲ್ಲದವರಿಗೆ ಅನುಕೂಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಬಾಗಿಲಿಗೇ ಹೋಗಿ. ಆರು ತಿಂಗಳ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಿರಿ, ಈ ಸಲ ಏನನ್ನೂ ಕೇಳದೆ. ಬಂದ ಹಣವೆಷ್ಟು, ಯಾವ ಮಗುವಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಪ್ರತಿ ಊರಿನ ಗುಡಿಯ ಕಟ್ಟೆಯ ಮೇಲೆ, ಮಸೀದಿಯ ಮುಂದೆ, ಪಂಚಾಯತಿಯ ಗೋಡೆಯ ಪಕ್ಕ ನಿಂತು ಓದಿ ಹೇಳಿ.